ಬಾವಲಿ ಗೂಡು: ಪ್ಲೈ ಪೆಟ್ಟಿಗೆಯೋ, ಕಂಬದ ಗೂಡೋ, ಫರಸಿ ಸಂದಿಯೋ?

ಗೋಡೆಗೆ ಒಂದು ಪೆಟ್ಟಿಗೆ ಜಡಿದರೆ ಸಾಕೋ, ಹೊಲದ ನಡುವೆ ಕಂಬ ನಿಲ್ಲಿಸಬೇಕೋ, ಖರ್ಚಾದರೂ ಆಗಲಿ ಎಂದು ಸಾವಿರಾರು ಬಾವಲಿ ಹಿಡಿಯುವ ದೊಡ್ಡ ಮನೆಯನ್ನೇ ಎಬ್ಬಿಸಬೇಕೋ? ಬಾವಲಿಗೆ ಜಾಗ ಮಾಡಿಕೊಡಲು ಹೊರಟವರು ಸಿಕ್ಕಿಹಾಕಿಕೊಳ್ಳುವುದು ಇಲ್ಲಿಯೇ. ಅಂತರ್ಜಾಲದಲ್ಲಿ ಸಿಗುವ ನಕ್ಷೆಗಳು ಬಹುಪಾಲು ಅಮೆರಿಕ, ಯುರೋಪಿನವು. ಅಲ್ಲಿ ಮರಿಗಳನ್ನು ಚಳಿಯಿಂದ ಕಾಯುವುದೇ ದೊಡ್ಡ ಕೆಲಸ. ಅದಕ್ಕೇ ಗೂಡಿಗೆ ಗಾಢ ಬಣ್ಣ ಬಳಿಯಿರಿ, ದಿನವೆಲ್ಲ ಬಿಸಿಲು ಬೀಳುವಲ್ಲಿ ಇಡಿ ಎಂದು ಬರೆದಿರುತ್ತಾರೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ವಿಜಯಪುರದಲ್ಲಿ ಅದನ್ನೇ ಪಾಲಿಸಿದರೆ ಗೂಡು ಭಟ್ಟಿಯಾಗುತ್ತದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಎಂಬ ನಮ್ಮ ಮೂರು ಜಿಲ್ಲೆಗಳಲ್ಲಿ ಗಾತ್ರ, ಬೆಲೆ ಎರಡಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಮೇ ತಿಂಗಳ ಮಧ್ಯಾಹ್ನ ಮೂರಕ್ಕೆ ಇದರ ಒಳಗೆ ಎಷ್ಟು ಕಾವು ಇರುತ್ತದೆ?

ಯಾವ ಬಾವಲಿಗಾಗಿ?

ಆಲ, ಹುಣಸೆ ಮರಗಳಲ್ಲಿ ಹಗಲೆಲ್ಲ ಜೋತುಬಿದ್ದಿರುವ ದೊಡ್ಡ ಹಣ್ಣುಬಾವಲಿ ಯಾವ ಪೆಟ್ಟಿಗೆಗೂ ಬರುವುದಿಲ್ಲ. ಸಂದಿಯಲ್ಲಿ ನುಗ್ಗಿ ಮಲಗುವುದು ಕೀಟ ತಿನ್ನುವ ಚಿಕ್ಕ ಜಾತಿಗಳು. ಹಂಚಿನ ಅಡಿ, ಬಾಗಿಲ ಚೌಕಟ್ಟಿನ ಹಿಂದೆ, ಜಂತಿಯ ಸಂದಿನಲ್ಲಿ ಸಿಗುವ ಐದಾರು ಗ್ರಾಮಿನ ಪಿಪಿಸ್ಟ್ರೆಲ್‌ಗಳು ಒಂದು ಗುಂಪು. ಅವಕ್ಕಿಂತ ಎಷ್ಟೋ ಪಟ್ಟು ತೂಗುವ, ಹೊಟ್ಟೆಯ ಕಡೆ ಹಳದಿ ಇರುವ ಮನೆಬಾವಲಿಗಳು ಇನ್ನೊಂದು. ಹಳೆಯ ಗುಮ್ಮಟ, ಕೋಟೆ, ಬಂಡೆಬಿರುಕುಗಳಲ್ಲಿ ಗೋಡೆಗೆ ಅಂಟಿಕೊಂಡಿರುವ ಗೋರಿಬಾವಲಿಗಳಿಗೆ ಗೂಡಿನ ಕಿರಿದಾದ ಸಂದಿ ಒಗ್ಗುವುದಿಲ್ಲ.

ದ್ರಾಕ್ಷಿ, ದಾಳಿಂಬೆ ಬೆಳೆಯುವವರು ಮೊದಲು ಕೇಳುವುದು, ಗೂಡು ಕಟ್ಟಿ ನಾವೇ ಹಣ್ಣಿನ ಕಳ್ಳರನ್ನು ಕರೆದಂತೆ ಆಗುವುದಿಲ್ಲವೇ ಎಂದು. 6ರಿಂದ 8 ಸೂತಿನ (ಮುಕ್ಕಾಲರಿಂದ ಒಂದು ಇಂಚಿನ) ಸಂದಿಯನ್ನು ಹಣ್ಣುಬಾವಲಿ ತನ್ನ ಮನೆ ಮಾಡಿಕೊಳ್ಳುವುದಿಲ್ಲ. ಅಲ್ಲಿ ಮಲಗುವ ಜಾತಿಗಳು ಹಣ್ಣು ಮುಟ್ಟುವುದಿಲ್ಲ. ಆದರೆ ಗೂಡಿನ ಹೆಸರಿನಲ್ಲಿ ಬರಿದಾದ ಕತ್ತಲೆ ಕೋಣೆ ಕಟ್ಟಿದರೆ ಮಾತು ಬೇರೆ. ಗುಹೆ, ಹಾಳುಬಾವಿಗಳಲ್ಲಿ ಇರುವ ರೌಸೆಟ್ ಎಂಬ ಹಣ್ಣುಬಾವಲಿಗೆ ಅಂಥ ಕೋಣೆ ಹಿಡಿಸುತ್ತದೆ, ಅದು ದ್ರಾಕ್ಷಿಯನ್ನೂ ತಿನ್ನುತ್ತದೆ. ತಿಕೋಟಾ, ಅಥಣಿ ಕಡೆಯ ತೋಟದವರು ಕೆಳಗಿನ ಆಯ್ಕೆಗಳನ್ನು ನೋಡುವಾಗ ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಗಂಟೆಗೆ ಸಾವಿರ ಸೊಳ್ಳೆ ತಿನ್ನುತ್ತದೆ ಎಂಬ ಮಾತು ಮುಚ್ಚಿದ ಕೋಣೆಯೊಳಗೆ ನಡೆಸಿದ ಪ್ರಯೋಗದ ಲೆಕ್ಕ. ಬಯಲಿನಲ್ಲಿ ಬಾವಲಿ ಕೈಗೆಟುಕಿದ್ದನ್ನು ತಿನ್ನುತ್ತದೆ: ಪತಂಗ, ದುಂಬಿ, ಮಳೆಹುಳು, ಜೊತೆಗೆ ಒಂದಿಷ್ಟು ಸೊಳ್ಳೆ. ಗೋವಿನಜೋಳದ ಲದ್ದಿಹುಳುವಿನದೂ ತೊಗರಿಯ ಕಾಯಿಕೊರಕದದೂ ತಾಯಿ ರಾತ್ರಿ ಹಾರುವ ಪತಂಗವೇ ಆದ್ದರಿಂದ ಹೊಲಕ್ಕೆ ಉಪಕಾರ ಇದೆ. ಗೂಡು ನಿಲ್ಲಿಸಿದೆವು, ಇನ್ನು ಔಷಧಿ ಹೊಡೆಯುವುದು ಬೇಡ ಎಂದು ಲೆಕ್ಕ ಹಾಕುವುದು ಮಾತ್ರ ತಪ್ಪು.

ಏನನ್ನು ತೂಗಿ ನೋಡಬೇಕು

ಕಾವಿನ ಮಾತು ಮೊದಲು. ಮರಿ ಇರುವ ಗುಂಪಿಗೆ ಸುಮಾರು 27ರಿಂದ 38 ಡಿಗ್ರಿ ಹಿತ. 40 ದಾಟಿದರೆ ಅವು ಸಂದಿಯ ಬಾಯಿಗೆ ಇಳಿದು ಏದುಸಿರು ಬಿಡುತ್ತವೆ. ಇನ್ನೂ ಏರಿದರೆ ಹಾರಲಾರದ ಮರಿಗಳು ಕೆಳಗೆ ಬೀಳುತ್ತವೆ. ಬೇಕಾದ್ದು ಒಂದೇ ಸಮನಾದ ತಂಪಲ್ಲ, ಮೇಲೆ ಬಿಸಿ ಕೆಳಗೆ ತಂಪು ಇರುವಷ್ಟು ಉದ್ದದ ಸಂದಿ. ಆಗ ಬಾವಲಿ ತನಗೆ ಹಿತವಾದ ಮಟ್ಟಕ್ಕೆ ತಾನೇ ಏರಿ ಇಳಿಯುತ್ತದೆ. ಬೆಳಗಾವಿಯಲ್ಲಿ 24 ಇಂಚು ಎತ್ತರದ ಸಂದಿ ನಡೆಯುತ್ತದೆ. ಬಾಗಲಕೋಟೆ, ವಿಜಯಪುರಗಳಲ್ಲಿ 28ಕ್ಕಿಂತ ಕಡಿಮೆ ಬೇಡ, 36 ಆದರೆ ಇನ್ನೂ ಒಳ್ಳೆಯದು. ಇನ್ನೊಂದು ವಿಷಯವನ್ನು ಪರದೇಶದ ನಕ್ಷೆ ಹೇಳುವುದಿಲ್ಲ: ಮೇ ಮೊದಲ ವಾರದ ಹೊತ್ತಿಗೆ ನಮ್ಮಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ನೇರಕ್ಕೇ ಬಂದಿರುತ್ತಾನೆ. ಗೋಡೆಗಿಂತ ಹೆಚ್ಚು ಬಿಸಿಲು ತಿನ್ನುವುದು ಮಾಡು (ಛಾವಣಿ). ಆದ್ದರಿಂದ ಯಾವ ಬಗೆಯ ಗೂಡಾದರೂ ಮಾಡು ಎರಡು ಪದರಿನದಾಗಿ, ನಡುವೆ ಒಂದು ಇಂಚು ಗಾಳಿ ಆಡುವಂತೆ ಇರಲಿ.

ಸಂದಿಯ ಅಗಲ 6 ಸೂತು, ಅಂದರೆ 19–20 ಮಿ.ಮೀ. ಇದ್ದರೆ ಪಿಪಿಸ್ಟ್ರೆಲ್‌ಗೆ ಸರಿ. ಮನೆಬಾವಲಿಗೆ ಪೂರ್ತಿ ಒಂದು ಇಂಚು ಬೇಕಾಗಬಹುದು. ನಾಲ್ಕು ಸಂದಿ ಇದ್ದರೆ ಎರಡು ಹಾಗೆ, ಎರಡು ಹೀಗೆ ಮಾಡಿ. ಒಂದೂವರೆ ಇಂಚು ಮಾಡಿದರೆ ಹೆಚ್ಚು ಬಾವಲಿ ಹಿಡಿಯುತ್ತವೆ ಎಂದು ಬಡಿಗ ಹೇಳಿದರೆ ಒಪ್ಪಬೇಡಿ. ಬೆನ್ನು, ಹೊಟ್ಟೆ ಎರಡೂ ಹಲಗೆಗೆ ತಾಗಿದರೇನೇ ಅವಕ್ಕೆ ನೆಮ್ಮದಿ.

ಒಳಮೈ ಒರಟಾಗಿರಬೇಕು. ನುಣುಪಾದ ಪ್ಲೈ ಮೇಲೆ ಉಗುರು ನಿಲ್ಲುವುದಿಲ್ಲ. ಅರ್ಧ ಇಂಚಿಗೆ ಒಂದರಂತೆ ಅಡ್ಡಗೀರುಗಳನ್ನು ಒಂದೂವರೆ ಮಿ.ಮೀ. ಆಳಕ್ಕೆ ಗರಗಸದಿಂದ ಎಳೆಸಿ. ಈ ಕೆಲಸ ಬೇಸರದ್ದು, ಬಡಿಗರು ತಪ್ಪಿಸಲು ನೋಡುತ್ತಾರೆ, ಸೊಳ್ಳೆಜಾಳಿಗೆ ಹೊಡೆದುಕೊಡುತ್ತೇನೆ ಎನ್ನುತ್ತಾರೆ. ಬೇಡ. ಜಾಳಿಗೆ ಎರಡು ಬೇಸಿಗೆಯಲ್ಲಿ ಸಡಿಲಾಗಿ ಜೋಲುತ್ತದೆ, ಅದರಲ್ಲಿ ಕಾಲು ಸಿಕ್ಕಿ ಬಾವಲಿ ಒಣಗಿ ಸಾಯುತ್ತದೆ. ಕಬ್ಬಿಣದ ಜಾಳಿಗೆ ರೆಕ್ಕೆ ಹರಿಯುತ್ತದೆ.

ಎತ್ತರ: ಗೂಡಿನ ಕೆಳಬಾಯಿ ನೆಲದಿಂದ ಕನಿಷ್ಠ 12 ಅಡಿ ಮೇಲಿರಲಿ, 15 ಆದರೆ ಒಳ್ಳೆಯದು. ಬಾವಲಿ ಕೆಳಗೆ ಬಿದ್ದು ರೆಕ್ಕೆ ಬಿಚ್ಚುತ್ತದೆ. ಬೀಳಲು ಬಯಲು ಬೇಕು. 8–9 ಅಡಿಯ ಪಂಪ್‌ಹೌಸ್ ಇದಕ್ಕೆ ಗಿಡ್ಡ. ಬಹಳ ಜನ ಅಲ್ಲಿಯೇ ಜಡಿದು ಎರಡು ವರ್ಷ ಕಾಯುತ್ತಾರೆ, ಬೆಕ್ಕು ಕುಳಿತು ನೋಡುವಷ್ಟು ಕೆಳಗಿರುವ ಗೂಡಿಗೆ ಯಾವುದೂ ಬರುವುದಿಲ್ಲ. ಗಿಡಗಳಿಂದ 20 ಅಡಿಯಾದರೂ ದೂರ ಇರಲಿ. ಮರಕ್ಕೇ ಕಟ್ಟಿದ ಗೂಡಿಗೆ ಹಾವು, ಇರುವೆ, ಅಳಿಲು ಎಲ್ಲಕ್ಕೂ ದಾರಿ ಸಲೀಸು.

ಉಳಿದವು ಎರಡು ಮಾತು. ನಿಮ್ಮ ನೆಲ ಎರಿಯೋ (ಕಪ್ಪು ಮಣ್ಣು) ಮಸಾರಿಯೋ (ಕೆಂಪು ಮಣ್ಣು) ಎಂಬುದರ ಮೇಲೆ ಕಂಬದ ಖರ್ಚು ನಿಂತಿದೆ. ಹತ್ತಿರದಲ್ಲಿ ಈಗಾಗಲೇ ಬಾವಲಿಗಳು ಮಲಗುತ್ತಿವೆಯೋ ಎಂಬುದರ ಮೇಲೆ ಗೂಡಿನ ಗಾತ್ರ ನಿಂತಿದೆ.

ನಾಲ್ಕು ಸಂದಿನ ಪ್ಲೈ ಪೆಟ್ಟಿಗೆ

ಮೊದಲ ಸಲ ಕೈ ಹಾಕುವವರಿಗೆ ಇದು. 8×4 ಅಡಿಯ, 12 ಮಿ.ಮೀ. ದಪ್ಪದ, ನೀರು ತಡೆಯುವ ಒಂದೇ ಹಾಳೆಯಲ್ಲಿ ಪೂರ್ತಿ ಪೆಟ್ಟಿಗೆ ಆಗುತ್ತದೆ. ಹಾಳೆಯನ್ನು ಉದ್ದಕ್ಕೆ ಸೀಳಿ 24 ಇಂಚು ಅಗಲದ ಎರಡು ಪಟ್ಟಿ ಮಾಡಿಸಿ. ಮೊದಲ ಪಟ್ಟಿಯಲ್ಲಿ 36 ಇಂಚಿನ ಬೆನ್ನುಹಲಗೆ ಒಂದು, 28 ಇಂಚಿನ ನಡುಹಲಗೆ ಎರಡು. ಎರಡನೆಯದರಲ್ಲಿ 28 ಇಂಚಿನ ಮೂರನೇ ನಡುಹಲಗೆ, ಮುಂಬದಿಗೆ 20 ಇಂಚಿನದೊಂದು, 9 ಇಂಚಿನದೊಂದು. ಮಿಕ್ಕ ತುಂಡಿನಲ್ಲಿ 28×12 ಇಂಚಿನ ಎರಡು ಮಾಡುಹಲಗೆ ಸಿಗುತ್ತವೆ. ಸಂದಿ ಬಿಡಿಸಲು ಒಂದೂವರೆ ಇಂಚು ಅಗಲದ ಕಟ್ಟಿಗೆ ಪಟ್ಟಿ ಬೇಕು: 6 ಸೂತು ದಪ್ಪದ್ದು 10 ಅಡಿ, ಒಂದು ಇಂಚು ದಪ್ಪದ್ದು 10 ಅಡಿ.

ಬೆನ್ನುಹಲಗೆ ಕೆಳಗೆ ಆರೇಳು ಇಂಚು ಚಾಚಿರಬೇಕು, ಬಂದ ಬಾವಲಿ ಇಳಿದು ಏರುವ ಮೆಟ್ಟಿಲು ಅದು. ಅದಕ್ಕೂ ಗೀರು ಹಾಕಿಸಿ. ಮುಂಬದಿಯ ಎರಡು ತುಂಡುಗಳ ನಡುವೆ ಅರ್ಧ ಇಂಚು ಬಿಡಿ, ಬಿಸಿಗಾಳಿ ಹೊರಹೋಗುವ ಕಿಂಡಿ ಅದೇ. ಇದನ್ನು ಒಂದು ಇಂಚು ಮಾಡಿದರೆ ಬೆಳಕು ಬರುತ್ತದೆ, ಗುಬ್ಬಿ ಹುಲ್ಲು ತುರುಕುತ್ತದೆ. ತಳ ಪೂರ್ತಿ ತೆರೆದಿರಲಿ. ತಳಕ್ಕೆ ಹಲಗೆ ಹೊಡೆದರೆ ಹಿಕ್ಕೆ ಕೂಡುತ್ತದೆ, ಹುಳ ಬೀಳುತ್ತವೆ, ಇಲಿ ಮನೆ ಮಾಡುತ್ತದೆ. ಮೊಳೆ ಬೇಡ, ಒಂದೂಕಾಲು ಇಂಚಿನ ತುಕ್ಕು ಹಿಡಿಯದ ಸ್ಕ್ರೂ ಹಾಕಿಸಿ. ಪ್ಲೈ ಬಿಸಿಲಿಗೆ ಉಬ್ಬಿ ಕುಗ್ಗುವಾಗ ಮೊಳೆ ಹೊರಗೆ ಬಂದು ಮೇಲಿನ ಕೂಡು ಬಿಡುತ್ತದೆ, ಅಲ್ಲಿಂದ ಮಳೆನೀರು ಇಳಿದರೆ ಗೂಡು ಖಾಲಿಯಾಗುತ್ತದೆ. ಮೇಲಿನ ಮೂಲೆಗಳಿಗೆಲ್ಲ ಸೀಲಂಟ್ ಹಚ್ಚಿ.

ಬಣ್ಣ ಹೊರಗೆ ಮಾತ್ರ, ನೀರಿನಲ್ಲಿ ಕಲಸುವ ಹೊರಗೋಡೆಯ ಪೇಂಟು, ಮೂರು ಕೈ. ವಿಜಯಪುರ, ಬಾಗಲಕೋಟೆಯಲ್ಲಿ ಅಚ್ಚ ಬಿಳಿ. ಬೆಳಗಾವಿ ನಗರ, ಬೈಲಹೊಂಗಲ ಕಡೆ ತಿಳಿ ಕಂದು ನಡೆಯುತ್ತದೆ. ಖಾನಾಪುರದ ಮಳೆಯಲ್ಲಿ ಬಣ್ಣಕ್ಕಿಂತ ಮಾಡಿನ ಮೇಲೆ ತಗಡು ಮಡಚಿ ಕೂಡಿಸುವುದು ಮುಖ್ಯ. ಒಳಗೆ ವಾರ್ನಿಶ್, ಗೆದ್ದಲಿನ ಎಣ್ಣೆ ಯಾವುದೂ ತಾಗಬಾರದು. ಬಣ್ಣ ಒಣಗಿ ವಾಸನೆ ಹೋಗಲು ಎರಡು ವಾರ ನೆರಳಲ್ಲಿ ಇಟ್ಟು ಆಮೇಲೆ ಏರಿಸಿ.

ಸಣ್ಣ ಜಾತಿಯವು ಬಂದರೆ ಇನ್ನೂರರ ಆಸುಪಾಸು ಹಿಡಿಯುತ್ತವೆ. ಒಬ್ಬ ಬಡಿಗನಿಗೆ ಎರಡು ದಿನದ ಕೆಲಸ, ಅದರಲ್ಲಿ ಒಂದು ದಿನ ಗೀರಿಗೇ ಹೋಗುತ್ತದೆ. ಬೇಡವೆನಿಸಿದರೆ ಬಿಚ್ಚಿ ಬೇರೆಡೆ ಹಾಕಬಹುದು, ಇದರ ದೊಡ್ಡ ಗುಣ ಇದೇ. ದೋಷವೆಂದರೆ ಪ್ಲೈ ತೆಳು, ಬಿಸಿಲು ಬಿದ್ದ ತಾಸಿನಲ್ಲೇ ಒಳಗೆ ಕಾಯುತ್ತದೆ. ಎರಡನೇ ಮಹಡಿಯ ಪೂರ್ವದ ಗೋಡೆ ಇದ್ದವರಿಗೆ ತೊಂದರೆ ಇಲ್ಲ. ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಎರಡೂ ಸಿಗುತ್ತವೆ. ಕಿಟಕಿ, ಬಾಗಿಲ ಮೇಲೆ ಮಾತ್ರ ಬೇಡ, ಹಿಕ್ಕೆ ಉದುರುತ್ತದೆ.

ಕಂಬದ ಮೇಲೆ: ಬೆನ್ನಿಗೆ ಬೆನ್ನು, ಇಲ್ಲವೇ ರಾಕೆಟ್

ಎತ್ತರದ ಗೋಡೆ ಇಲ್ಲದ ಹೊಲಕ್ಕೆ ಕಂಬವೇ ದಾರಿ. ಮೇಲಿನಂಥ ಎರಡು ಪೆಟ್ಟಿಗೆಯನ್ನು ಬೆನ್ನಿಗೆ ಬೆನ್ನು ಕೊಟ್ಟು, ನಡುವೆ 6 ಸೂತು ಸಂದಿ ಬಿಟ್ಟು, ಎರಡು ಕಂಬಗಳ ನಡುವೆ ಕೂಡಿಸಿ ಒಂದೇ ಅಗಲ ಮಾಡು ಹೊದಿಸಿದರೆ ಒಂದು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ ಮುಖ ಮಾಡುತ್ತವೆ. ಎರಡು ಬೆನ್ನುಗಳ ನಡುವಿನ ಸಂದಿ ಇಡೀ ಗೂಡಿನಲ್ಲಿ ತಂಪಾದ ಜಾಗ. ಸಂಜೆ ಬಿಸಿಲಿಗೆ ಪಶ್ಚಿಮದ ಪೆಟ್ಟಿಗೆ ಕಾಯ್ದರೆ ಬಾವಲಿಗಳು ಅಲ್ಲಿಗೆ ಸರಿಯುತ್ತವೆ.

ರಾಕೆಟ್ ಗೂಡು ಎಂದರೆ ಕಂಬವನ್ನೇ ನಡುವೆ ಇಟ್ಟು ಸುತ್ತ ಎರಡು ಚೌಕ ಕೊಳವೆ ತೊಡಿಸಿದ ಹಾಗೆ, 10 ಇಂಚು ಚದರ, ಮೂರು ಅಡಿ ಎತ್ತರ. ಒಂದೇ ಹಾಳೆ ಸಾಕು, ಒಂದೇ ಕಂಬ ಸಾಕು, ಬಾವಲಿ ಸುತ್ತು ಹಾಕಿ ನೆರಳಿನ ಬದಿಗೆ ಹೋಗಬಹುದು. ನೋಡಲೂ ಚೆಂದ. ಆದರೆ ನಾಲ್ಕೂ ಕಡೆ ತೆಳು ಹಲಗೆ, ಬಿಸಿಲು ಬಡಿಯದ ಮೈ ಇಲ್ಲ. ಮೂಲೆ ಕೂಡಿಸುವ ಕೆಲಸವೂ ನಾಜೂಕು. ಬೆಳಗಾವಿ, ಗೋಕಾಕ ಕಡೆ ಪರವಾಗಿಲ್ಲ. ಇಂಡಿ, ಸಿಂದಗಿಯ ಬಯಲಿನಲ್ಲಿ ಹಾಕುವುದಾದರೆ ಬೆನ್ನಿಗೆ ಬೆನ್ನಿನದೇ ಮೇಲು.

ಕಂಬಕ್ಕೆ 4 ಇಂಚಿನ ಕಬ್ಬಿಣದ ಪೈಪು, 20 ಅಡಿಯ ಪೂರ್ತಿ ಉದ್ದ, 4 ಅಡಿ ಕಾಂಕ್ರೀಟಿನಲ್ಲಿ ಹೂತರೆ 16 ಅಡಿ ಮೇಲೆ ಉಳಿಯುತ್ತದೆ. ಮಸಾರಿಯಲ್ಲಿ ಇಷ್ಟು ಸಾಕು. ಎರಿ ಭೂಮಿಯಲ್ಲಿ ಸಾಲದು. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಎರಿ ಕಂಬವನ್ನು ಎರಡೇ ವರ್ಷದಲ್ಲಿ ವಾಲಿಸುತ್ತದೆ, ಆಷಾಢದ ಗಾಳಿ ಉಳಿದ ಕೆಲಸ ಮುಗಿಸುತ್ತದೆ. ಗರಸು (ಗಟ್ಟಿ ಜಲ್ಲಿಮಣ್ಣು) ಸಿಗುವವರೆಗೆ ತೆಗ್ಗು ತೋಡಿ, ತಳದಲ್ಲಿ ಗರಸು ಬಡಿದು ಆಮೇಲೆ ಕಾಂಕ್ರೀಟ್ ಹಾಕಿ. ಗರಸು ಆರೇಳು ಅಡಿ ಕೆಳಗಿದ್ದರೆ ಪೈಪಿಗೆ ಇನ್ನೊಂದು ತುಂಡು ಬೆಸುಗೆ ಹಾಕಿಸಬೇಕಾಗುತ್ತದೆ. ಆಗ ಗೂಡಿಗಿಂತ ಕಂಬದ್ದೇ ಖರ್ಚು ಹೆಚ್ಚಾಗುತ್ತದೆ. ಹೊಲದ ಅಂಚಿನಲ್ಲಿ ಮಸಾರಿ ದಿನ್ನೆ ಇದ್ದರೆ ಅಲ್ಲಿಗೇ ಒಯ್ಯುವುದು ಜಾಣತನ. ನೆಲದಿಂದ ಆರಡಿ ಮೇಲೆ ಕಂಬಕ್ಕೆ ಎರಡು ಅಡಿ ಉದ್ದದ ನುಣುಪು ತಗಡು ಸುತ್ತಿದರೆ ಹಾವು, ಬೆಕ್ಕು ಏರುವುದಿಲ್ಲ. ಅದರ ಕೆಳಗೆ ಒಂದು ಗೇಣು ಗ್ರೀಸು ಹಚ್ಚಿದರೆ ಇರುವೆಯೂ ನಿಲ್ಲುತ್ತದೆ. ವರ್ಷಕ್ಕೆರಡು ಸಲ ಒರೆಸಿ ಹೊಸದು ಹಚ್ಚಬೇಕು.

ಫರಸಿ ಸಂದಿ

ಬಾಗಲಕೋಟೆ, ವಿಜಯಪುರದವರು ಮೊದಲು ಇದನ್ನೇ ಯೋಚಿಸಲಿ ಎಂಬುದು ನಮ್ಮ ಅಭಿಪ್ರಾಯ. ಎತ್ತರದ ಗೋಡೆಯಿಂದ ಒಂದು ಬೆರಳಷ್ಟು ಬಿಟ್ಟು ಶಹಾಬಾದ್ ಫರಸಿ (ಚಪ್ಪಡಿಕಲ್ಲು) ನಿಲ್ಲಿಸುವುದು, ಇಷ್ಟೇ ಇದರ ಗುಟ್ಟು. ಬಾದಾಮಿಯ ಮರಳುಗಲ್ಲಿನ ಬಿರುಕಿನಲ್ಲಿ ಬಾವಲಿಗೆ ಸಿಗುವುದೂ ಇದೇ: ನಿಧಾನವಾಗಿ ಕಾಯುವ, ನಿಧಾನವಾಗಿ ಆರುವ ಎರಡು ಕಲ್ಲಿನ ನಡುವಿನ ಕಿರಿದಾದ ಕತ್ತಲು. ಅಮೆರಿಕದ ಆಸ್ಟಿನ್ ನಗರದ ಕಾಂಗ್ರೆಸ್ ಅವೆನ್ಯೂ ಸೇತುವೆಯನ್ನು 1980ರಲ್ಲಿ ಮತ್ತೆ ಕಟ್ಟಿದಾಗ ಅಡಿಯಲ್ಲಿ ಮುಕ್ಕಾಲರಿಂದ ಒಂದೂವರೆ ಇಂಚು ಅಗಲದ, 16 ಇಂಚು ಆಳದ ಕಾಂಕ್ರೀಟ್ ಸೀಳುಗಳು ಉಳಿದವು. ಬಾವಲಿಗಾಗಿ ಯಾರೂ ಬಿಟ್ಟದ್ದಲ್ಲ. ಈಗ ಬೇಸಿಗೆಯಲ್ಲಿ ಅಲ್ಲಿ 15 ಲಕ್ಷದವರೆಗೆ ಬಾವಲಿಗಳು ಇರುತ್ತವೆ.

ಎರಡು ಅಡಿ ಅಗಲ, ಮೂರು ಅಡಿ ಎತ್ತರ, ಒಂದು ಇಂಚು ದಪ್ಪದ, ಪಾಲಿಶ್ ಮಾಡದ ಫರಸಿ ತನ್ನಿ. ಒಂದೊಂದು ಸುಮಾರು 36 ಕೆಜಿ ತೂಗುತ್ತದೆ. ಒರಟು ಮೈ ಒಳಗೆ ಬರಬೇಕು. ಆ ಭಾಗದ ಗೋಡೆಗೆ ಗೌಂಡಿ ಹೊಸ ಗಿಲಾವು ಹಾಕಿ, ಹಸಿ ಇರುವಾಗಲೇ ಕರಣಿಯ ತುದಿಯಿಂದ ಅರ್ಧ ಇಂಚಿಗೊಂದು ಅಡ್ಡಗೀರು ಎಳೆಯಲಿ. ಗೀರು ಫರಸಿಯ ಕೆಳತುದಿಗಿಂತ ಒಂದಡಿ ಕೆಳಗಿನವರೆಗೂ ಬರಲಿ. ಸಂದಿ ಕೆಳಗೆ 25 ಮಿ.ಮೀ., ಮೇಲೆ 15 ಮಿ.ಮೀ. ಇರುವಂತೆ ಫರಸಿಯನ್ನು ತುಸು ಓಟವಾಗಿ ನಿಲ್ಲಿಸಿದರೆ ದೊಡ್ಡದು ಚಿಕ್ಕದು ಎರಡಕ್ಕೂ ಜಾಗವಾಗುತ್ತದೆ. ಮೇಲಿನ ಬಾಯಿಯನ್ನು, ಎರಡು ಪಕ್ಕಗಳನ್ನು ಗಾರೆಯಿಂದ ಮುಚ್ಚಿ. ಕೆಳಬಾಯಿ ತೆರೆದಿರಬೇಕು. ಅಲ್ಲಿ ಉದ್ದನೆಯ ಆ್ಯಂಗಲ್ ಕೊಟ್ಟುಬಿಟ್ಟರೆ ದಾರಿಯೇ ಮುಚ್ಚುತ್ತದೆ. ವೆಲ್ಡರ್‌ಗಳು ಹೆಚ್ಚಾಗಿ ಮಾಡುವ ತಪ್ಪು ಇದು. ಎರಡು ಇಂಚು ಅಗಲದ ಎರಡು ಕೊಕ್ಕೆ ಕೆಳಗೆ, ಎರಡು ಮೇಲೆ, ಪ್ರತಿಯೊಂದಕ್ಕೂ 10 ಮಿ.ಮೀ. ಆ್ಯಂಕರ್ ಬೋಲ್ಟು. ಮಣ್ಣಿನ ಗೋಡೆಗೆ, ಟೊಳ್ಳು ಬ್ಲಾಕಿನ ಗೋಡೆಗೆ ಈ ಭಾರ ಹೊರಿಸಬೇಡಿ. ಮೂರು ಫರಸಿ ಸಾಲಾಗಿ ಕೂಡಿಸಿದರೆ ಆರಡಿ ಅಗಲದ ಗೂಡು. ಹೊರಮೈಗೆ ವರ್ಷಕ್ಕೊಮ್ಮೆ ಸುಣ್ಣ ಹೊಡೆದರೆ ಸಾಕು.

ಮುಖ ಪೂರ್ವಕ್ಕೆ ಇಲ್ಲವೇ ಉತ್ತರಕ್ಕೆ. ಪಶ್ಚಿಮದ ಗೋಡೆ ಸಂಜೆಯ ಬಿಸಿಲನ್ನು ಹೀರಿ ರಾತ್ರಿ ಹತ್ತರವರೆಗೆ ಕಾವು ಬಿಡುತ್ತದೆ, ಮರಿ ಒಳಗಿದ್ದರೆ ಅದಕ್ಕೆ ಹಿಂಸೆ. ಗೆದ್ದಲಿನ ಭಯ ಇಲ್ಲ, ಬಣ್ಣದ ಖರ್ಚಿಲ್ಲ, ಮನೆ ನಿಂತಿರುವವರೆಗೆ ಅದೂ ನಿಲ್ಲುತ್ತದೆ. ಒಮ್ಮೆ ಹಾಕಿದ್ದನ್ನು ಸರಿಸಲಾಗದು ಎಂಬುದೇ ಕೊರತೆ. ಖಾನಾಪುರ, ಕಣಕುಂಬಿಯ ಮಳೆಗಾಲದಲ್ಲಿ ಕಲ್ಲು ತಿಂಗಳುಗಟ್ಟಲೆ ತೇವವಾಗಿಯೇ ಇರುತ್ತದೆ, ಅಲ್ಲಿಗೆ ಇದು ಸಲ್ಲದು. ಅಲ್ಲಿ ಕಾಡೂ ಪೊಟರೆಗಳೂ ಇನ್ನೂ ಉಳಿದಿವೆ, ಗೂಡಿನ ಅಗತ್ಯವೇ ಕಡಿಮೆ. ರಾಟನ್‌ನ ಮುಕ್ತಬಾಲದ ಬಾವಲಿ ಎಂಬ ಅಪರೂಪದ ಜಾತಿ ಬಹುಕಾಲ ಆ ತಾಲ್ಲೂಕಿನ ಬಾರಾಪೇಡೆ ಗುಹೆಯೊಂದರಲ್ಲೇ ಇದೆ ಎಂದು ತಿಳಿಯಲಾಗಿತ್ತು. ಅದು ಗುಹೆಯ ಜೀವಿ, ಪೆಟ್ಟಿಗೆ ಅದಕ್ಕೆ ಬದಲಿಯಲ್ಲ. ಆ ಗುಹೆಗೆ ಜನ ಹೋಗದೆ ಇರುವುದೇ ಅದಕ್ಕೆ ಬೇಕಾದ ಉಪಕಾರ.

ದೊಡ್ಡ ಬಾವಲಿ ಮನೆ

ನಾಲ್ಕು ಕಂಬದ ಮೇಲೆ ಒಂದು ಕೋಣೆ, ಒಳಗೆ ಪುಸ್ತಕದ ಹಾಳೆಗಳಂತೆ ನಿಂತ ಹಲಗೆಗಳು. ನೋಡಿದವರಿಗೆ ಆಸೆ ಹುಟ್ಟುತ್ತದೆ, ಆದ್ದರಿಂದ ಲೆಕ್ಕ ಮೊದಲು. ನಾಲ್ಕು ಅಡಿ ಉದ್ದ, ಅಗಲ, ಎತ್ತರದ ಕೋಣೆಯಲ್ಲಿ 12 ಮಿ.ಮೀ. ಹಲಗೆ, 20 ಮಿ.ಮೀ. ಸಂದಿ ಎಂದರೆ 38 ಹಲಗೆ ಕೂಡುತ್ತವೆ. ಒಂದು ಹಾಳೆಗೆ ಎರಡರಂತೆ 19 ಹಾಳೆ. ಗೋಡೆ, ಮಾಡು ಸೇರಿ ಇನ್ನೂ ಐದು. ಹಾಳೆಗೆ 24 ಕೆಜಿ ಹಿಡಿದರೆ ಬರೀ ಪ್ಲೈ ತೂಕವೇ 575 ಕೆಜಿ, ಕಬ್ಬಿಣದ ಚೌಕಟ್ಟು ಬೇರೆ. ಸಾವಿರ ಪಿಪಿಸ್ಟ್ರೆಲ್ ಬಂದರೂ ಐದಾರು ಕೆಜಿ ಅಷ್ಟೇ. 38 ಹಲಗೆಯ ಎರಡೂ ಮೈಗೆ ಗೀರು ಎಳೆಸುವ ಕೂಲಿಯನ್ನೂ ಮರೆಯಬೇಡಿ. ಗೋಡೆಗೆ ಜಡಿಯುವ ಪೆಟ್ಟಿಗೆ 24 ಆಗುವಷ್ಟು ಸಾಮಾನು ಇದು.

ಗುಣವೂ ಇದೆ. ಹೊರಗಿನ ಹಲಗೆಗಳು ಕಾಯ್ದರೂ ನಡುವಿನವು ತಂಪಾಗಿರುತ್ತವೆ. ನಾಲ್ಕೂ ಬಗೆಯ ಗೂಡುಗಳಲ್ಲಿ ಕಾವಿನ ಏರಿಳಿತಕ್ಕೆ ಬಾವಲಿಗೆ ಅತಿ ಹೆಚ್ಚು ಆಯ್ಕೆ ಸಿಗುವುದು ಇಲ್ಲಿಯೇ. ಮಾಡಿಗೆ ನೇರ ಪತ್ರಾಸು (ತಗಡು) ಹಾಕಬಾರದು: ಕೆಳಗೆ ಪ್ಲೈ, ನಾಲ್ಕು ಇಂಚು ಗಾಳಿ, ಮೇಲೆ ಪತ್ರಾಸು, ನೆತ್ತಿಯಲ್ಲಿ ಜಾಳಿಗೆ ಹೊಡೆದ ಕಿಂಡಿ. ಕಂಬಗಳಿಗೆ ಅಡ್ಡಪಟ್ಟಿ ಕೆಳಗಿನ ಅರ್ಧದಲ್ಲಿ ಮಾತ್ರ ಇರಲಿ, ಮೇಲೆ ತಂತಿ ಬಿಗಿದರೆ ಹೊರಬೀಳುವ ದಾರಿಗೆ ಅಡ್ಡ.

ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯದ ಮನೆಯ ಕಥೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಕ್ರೀಡಾಂಗಣಗಳಲ್ಲಿ ಸೇರಿಕೊಂಡಿದ್ದ ಬಾವಲಿಗಳಿಗಾಗಿ 1991ರಲ್ಲಿ ದೊಡ್ಡ ಮನೆ ಕಟ್ಟಿದರು. ಹಿಡಿದು ತಂದು ಒಳಗೆ ಬಿಟ್ಟವು ಹಾರಿಹೋದವು. ತಾವಾಗಿ ಬಂದು ನೆಲೆಸಲು ಮೂರು ವರ್ಷ ಬೇಕಾಯಿತು, ಆಮೇಲೆ ಲಕ್ಷಗಟ್ಟಲೆ ಆದವು. 2009ರಲ್ಲಿ ಮನೆ ಒಳಗಿನ ಭಾರಕ್ಕೆ ಕುಸಿಯಿತು. ಮರುವರ್ಷ ಪಕ್ಕದಲ್ಲಿ ಇನ್ನೊಂದು ಎದ್ದಿತು. ಅಷ್ಟು ದೊಡ್ಡ ಹಿಂಡು ಅಲ್ಲಿ ಮೊದಲೇ ಇತ್ತು ಎಂಬುದು ಮುಖ್ಯ. ಅದಿಲ್ಲದೆ ಎಬ್ಬಿಸಿದ್ದರ ಗತಿಗೆ ಅದೇ ಫ್ಲೋರಿಡಾದಲ್ಲಿ ಉದಾಹರಣೆ ಇದೆ: ಶುಗರ್‌ಲೋಫ್ ಕೀ ದ್ವೀಪದಲ್ಲಿ ಸೊಳ್ಳೆ ಕಾಟ ತಪ್ಪಿಸಲು 1929ರಲ್ಲಿ ಕಟ್ಟಿಸಿದ ಬಾವಲಿ ಗೋಪುರಕ್ಕೆ ಬಾವಲಿಗಳು ನೆಲೆಸಲು ಬರಲೇ ಇಲ್ಲ. 2017ರ ಚಂಡಮಾರುತದಲ್ಲಿ ಅದು ಉರುಳಿತು.

ಹಾಗಾಗಿ ದೊಡ್ಡ ಮನೆ ಒಂದೇ ಸಂದರ್ಭಕ್ಕೆ ಸರಿ: ನೂರಾರು ಬಾವಲಿ ಇರುವ ಹಳೆಯ ವಾಡೆ, ಮಾಳಿಗೆ ಮನೆ, ಶಾಲೆಯ ಹಂಚಿನ ಕಟ್ಟಡ ಕೆಡವುವುದು ಖಚಿತವಾಗಿದ್ದರೆ. ಆಗಲೂ ಹೊಸ ಮನೆ ಕೆಡವುವ ಮುಂಚಿನ ವರ್ಷವೇ, ಹಳೆಯದಕ್ಕೆ ಕಾಣುವಷ್ಟು ಹತ್ತಿರ ನಿಂತಿರಬೇಕು. ಮರಿಗಳು ಹಾರಲು ಕಲಿತಿವೆ ಎಂದು ಖಾತ್ರಿಯಾದ ಮೇಲೆ, ಹಳೆಯ ಕಿಂಡಿಗಳಿಗೆ ಮೇಲಂಚು ಮಾತ್ರ ಹೊಡೆದ ಜಾಳಿಗೆ ಇಳಿಬಿಟ್ಟರೆ ಹೊರಗೆ ಹೋಗಬಹುದು, ಮರಳಿ ಒಳಗೆ ಬರಲಾಗದು. ಒಂದು ವಾರ ಹಾಗೆ ಬಿಟ್ಟು ಆಮೇಲೆ ಕೆಡವಿ. ಹೊಗೆ ಹಾಕಿ ಓಡಿಸಿದರೆ ಮರಿಗಳು ಗೋಡೆಯೊಳಗೇ ಸಾಯುತ್ತವೆ.

ಇಟ್ಟಿಗೆಯ ಟೊಳ್ಳು ಗೋಪುರದ ಬಗ್ಗೆಯೂ ಕೆಲವರು ಕೇಳುತ್ತಾರೆ. ಹಣ್ಣಿನ ತೋಟದ ಸೀಮೆಯಲ್ಲಿ ಬೇಡವೆನ್ನಲು ಕಾರಣ ಮೇಲೆಯೇ ಹೇಳಿದೆ: ಕತ್ತಲೆ ಕೋಣೆ ರೌಸೆಟ್‌ಗೆ ಆಹ್ವಾನ.

ಬರುವಂತೆ ಮಾಡುವುದು

ಹಿಕ್ಕೆ ಬಳಿದರೆ ಬರುತ್ತವೆ, ವಾಸನೆಯ ಪುಡಿ ಇಟ್ಟರೆ ಬರುತ್ತವೆ ಎಂಬುದನ್ನು ನಂಬಬೇಡಿ. ಶುಗರ್‌ಲೋಫ್ ಗೋಪುರಕ್ಕೂ ದುಡ್ಡು ಕೊಟ್ಟು ತಂದ ಗುಟ್ಟಿನ ಪುಡಿ ಇಟ್ಟಿದ್ದರು. ಜಾಗ ಆರಿಸುವುದಷ್ಟೇ ನಿಮ್ಮ ಕೈಯಲ್ಲಿದೆ. ಬಾವಲಿ ಹಾರುತ್ತಲೇ ನೀರು ಕುಡಿಯುತ್ತದೆ. ಕೆರೆ, ಕಾಲುವೆ, ಕೃಷಿಹೊಂಡದ ಬಯಲುನೀರು ಕಾಲು ಮೈಲಿಯೊಳಗೆ ಇದ್ದರೆ ಅನುಕೂಲ. ಘಟಪ್ರಭಾ, ಮಲಪ್ರಭಾ ಕಾಲುವೆಯ ಅಂಚು, ಆಲಮಟ್ಟಿ ಹಿನ್ನೀರಿನ ದಂಡೆಯ ಊರುಗಳು ಈ ವಿಷಯದಲ್ಲಿ ಅದೃಷ್ಟವಂತ. ಕುಡಿಯುವ ನೀರಿನ ಬಾವಿ, ತೊಟ್ಟಿಯ ನೆತ್ತಿಯ ಮೇಲೆ ಮಾತ್ರ ಗೂಡು ಬೇಡ. ಎಲ್‌ಇಡಿ ದೀಪ ಗೂಡಿನ ಬಾಯಿಗೆ ಬೀಳಬಾರದು. ಗಾಳಿಯಂತ್ರದ ಫ್ಯಾನುಗಳಿರುವ ದಿಬ್ಬ, ಸಡಿಲಾಗಿ ಪಕ್ಷಿಬಲೆ ಹೊದಿಸಿದ ತೋಟದ ಪಕ್ಕ ಎರಡೂ ಕೊಲ್ಲುವ ಜಾಗಗಳು. ಒಣದ್ರಾಕ್ಷಿ ಶೆಡ್ಡಿನಿಂದ ದೂರ ಇರಲಿ, ಹಿಕ್ಕೆ ಬಿದ್ದ ಮಾಲನ್ನು ಯಾರೂ ಕೊಳ್ಳುವುದಿಲ್ಲ. ಅಕ್ಟೋಬರ್ ಚಾಟ್ನಿಯ (ದ್ರಾಕ್ಷಿ ಬಳ್ಳಿ ಸವರುವುದು) ನಂತರ ಔಷಧಿ ಹೊಡೆಯುವ ತಿಂಗಳುಗಳಲ್ಲಿ ಸಿಂಪರಣೆಯ ಹನಿ ಗೂಡಿಗೆ ತಾಗದಷ್ಟು ಅಂತರವೂ ಬೇಕು.

ಮಳೆ ಮುಗಿದ ಮೇಲೆ, ನವೆಂಬರಿನಿಂದ ಜನವರಿಯೊಳಗೆ ಏರಿಸುವುದು ಒಳ್ಳೆಯದು. ಕಾಂಕ್ರೀಟ್ ಗಟ್ಟಿಯಾಗುತ್ತದೆ, ಬಣ್ಣದ ವಾಸನೆ ಹೋಗುತ್ತದೆ, ಬೇಸಿಗೆಯ ಪರೀಕ್ಷೆಗೆ ಗೂಡು ಖಾಲಿ ಸಿಗುತ್ತದೆ. ಗರಿಷ್ಠ-ಕನಿಷ್ಠ ತೋರಿಸುವ ತಾಪಮಾಪಕವನ್ನು ಏಪ್ರಿಲ್‌ನಲ್ಲಿ ಸಂದಿಯ ಮೇಲ್ತುದಿಯಲ್ಲಿ ಒಂದು ವಾರ, ಕೆಳತುದಿಯಲ್ಲಿ ಒಂದು ವಾರ ಕಟ್ಟಿ ನೋಡಿ. ಮೇಲೆ 42, ಕೆಳಗೆ 37 ಬಂದರೆ ಬದುಕಬಹುದು. ಕೆಳಗೂ 40 ದಾಟಿದರೆ ಮಾಡಿನ ಮೇಲೆ ಜೋಳದ ಕಣಿಕಿಯ ದಪ್ಪ ಹೊದಿಕೆ ಕಟ್ಟಿ, ಪಶ್ಚಿಮಕ್ಕೆ ಶೇಡ್‌ನೆಟ್ ಇಳಿಬಿಡಿ. ಅದಕ್ಕೂ ಬಗ್ಗದಿದ್ದರೆ ಜಾಗವೇ ತಪ್ಪು.

ಹಾಗಾದರೆ ಯಾರಿಗೆ ಯಾವುದು

ಕೈಯಲ್ಲಿ ಕಡಿಮೆ ದುಡ್ಡಿದ್ದು ಹತ್ತಿರ ಬಾವಲಿ ಇವೆಯೋ ಇಲ್ಲವೋ ಗೊತ್ತಿಲ್ಲದವರು ಒಂದು ದೊಡ್ಡದರ ಬದಲು ಎರಡು ಮೂರು ಪ್ಲೈ ಪೆಟ್ಟಿಗೆ ಮಾಡಿಸಿ ಬೇರೆ ಬೇರೆ ಮುಖಕ್ಕೆ, ಬೇರೆ ಬೇರೆ ನೆರಳಿಗೆ ಹಾಕಲಿ. ಯಾವುದರ ಕೆಳಗೆ ಮೊದಲು ಹಿಕ್ಕೆ ಬೀಳುತ್ತದೋ ಅಲ್ಲಿ ಮುಂದಿನ ವರ್ಷ ದೊಡ್ಡದಕ್ಕೆ ಖರ್ಚು ಮಾಡಬಹುದು. ಬೆಳಗಾವಿ ನಗರದ ಮಹಡಿ ಮನೆಗೆ ಪೂರ್ವದ ಗೋಡೆಯ ಒಂದು ಪೆಟ್ಟಿಗೆ ಸಾಕು. ಕಬ್ಬು, ಗೋವಿನಜೋಳದ ಬಯಲಿನಲ್ಲಿ ಮಸಾರಿ ದಿನ್ನೆ ಇದ್ದರೆ ಬೆನ್ನಿಗೆ ಬೆನ್ನಿನ ಕಂಬದ ಗೂಡು. ಬಾದಾಮಿ, ಹುನಗುಂದ, ಮುದ್ದೇಬಿಹಾಳದ ಕಡೆ ಎತ್ತರದ ಗಟ್ಟಿ ಗೋಡೆ ಇರುವವರಿಗೆ ಫರಸಿ ಸಂದಿ. ಹೊಸ ಮನೆ ಕಟ್ಟಿಸುತ್ತಿರುವವರು ಗಿಲಾವಿನ ಹಂತದಲ್ಲೇ ಗೌಂಡಿಗೆ ಹೇಳಿದರೆ ಮೂರು ಫರಸಿ, ಹನ್ನೆರಡು ಬೋಲ್ಟು, ಒಂದು ದಿನದ ಕೂಲಿಯಲ್ಲಿ ಮುಗಿಯುತ್ತದೆ.

ಹಳೆಯ ಮಾಳಿಗೆಯ ಜಂತಿಯಲ್ಲಿ ಬಾವಲಿಗಳು ತಾವಾಗಿಯೇ ಇದ್ದು ಯಾರಿಗೂ ತೊಂದರೆ ಇಲ್ಲದಿದ್ದರೆ ಏನನ್ನೂ ಕಟ್ಟಬೇಡಿ, ಅಲ್ಲಿಯೇ ಬಿಡಿ.

ಗೂಡು ತುಂಬಿದ ಮೇಲೆ ಕೆಲಸ ಕಡಿಮೆ. ಚಳಿಗಾಲದಲ್ಲಿ ಒಮ್ಮೆ ಟಾರ್ಚ್ ಬಿಟ್ಟು ಕೆಳಗಿನಿಂದ ನೋಡಿ. ಕಣಜದ ಗೂಡು, ಜೇಡರಬಲೆ ಇದ್ದರೆ ಬಾವಲಿ ಇಲ್ಲದ ಹೊತ್ತಿನಲ್ಲಿ ಉದ್ದ ಕೋಲಿನಿಂದ ತೆಗೆಯಿರಿ. ಕೆಳಗೆ ಬಿದ್ದ ಹಿಕ್ಕೆ ಸಾರಜನಕ ತುಂಬಿದ ಗೊಬ್ಬರ, ತಿಪ್ಪೆಯಲ್ಲಿ ಬೆರೆಸಿ ಕಳಿಸಿ ಹಾಕಬಹುದು. ಒಣಗಿದ ಹಿಕ್ಕೆಯ ಧೂಳಿನಲ್ಲಿ ಶ್ವಾಸಕೋಶಕ್ಕೆ ತಗಲುವ ಶಿಲೀಂಧ್ರ ಇರಬಹುದಾದ್ದರಿಂದ ಮೊದಲು ನೀರು ಚಿಮುಕಿಸಿ, ಎನ್-95 ಮಾಸ್ಕ್ ಹಾಕಿಕೊಂಡು ಬಳಿಯಿರಿ. ನೆಲಕ್ಕೆ ಬಿದ್ದ ಬಾವಲಿಯನ್ನು ಬರಿಗೈಯಲ್ಲಿ ಹಿಡಿಯಬಾರದು, ಮಕ್ಕಳಿಗೂ ಹೇಳಿಡಿ. ದಪ್ಪ ಬಟ್ಟೆಯಲ್ಲಿ ಎತ್ತಿ ಒರಟು ಗೋಡೆಯ ಮೇಲೆ ಎತ್ತರದಲ್ಲಿ ಬಿಟ್ಟರೆ ಕತ್ತಲಾದ ಮೇಲೆ ತಾನೇ ಹಾರುತ್ತದೆ. ಕಚ್ಚಿದರೆ ಗಾಯವನ್ನು ಸೋಪು, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ದವಾಖಾನೆಗೆ ಹೋಗಿ ರೇಬೀಸ್ ಚುಚ್ಚುಮದ್ದಿನ ಬಗ್ಗೆ ಕೇಳಬೇಕು.